ಬಳೆ ಬಿಚ್ಚಿಸುವ ಪುಷ್ಪಕ್ಕ

ಕುಂಬ್ಡಾಜೆಯ ಕಿಟ್ಟಣ್ಣನ ರಬ್ಬರ್ ಶೀಟ್ ಘಟಕದಲ್ಲಿ ಮೆಷಿನ್ ಶುರುವಾಗುವ ಮೊದಲು ಪುಷ್ಪಾವತಿಯ ಗಂಟಲು ಶುರುವಾಗುತ್ತಿತ್ತು. "ಶಾಲು ತೆಗೀರಿ, ಕೂದಲು ಕಟ್ಟಿ, ಬಳೆ ಬಿಚ್ಚಿ!" ಶಾಲು, ಕೂದಲಿಗೆ ಯಾರ ತಕರಾರೂ ಇರಲಿಲ್ಲ. ಬಳೆಯ ಮಾತು ಬಂದರೆ ಮಾತ್ರ ಹೆಂಗಸರ ಮುಖ ಹುಳಿ ಮಜ್ಜಿಗೆ ಕುಡಿದಂತೆ. ಮೊಣಕೈಯತ್ತ ಏರಿಸಿಕೊಂಡು, ಇವಳು ಬೆನ್ನು ತಿರುಗಿಸಿದೊಡನೆ ಇಳಿಸಿಕೊಳ್ಳುತ್ತಿದ್ದರು. ಯಾಕೆಂದರೆ ಪುಷ್ಪಾವತಿ ವಿಧವೆ. ಮುತ್ತೈದೆಯರ ಬಳೆ ಬಿಚ್ಚಿಸಲು ಕಿಟ್ಟಣ್ಣನಿಗೆ ಬೇರೆ ಜನ ಸಿಗಲಿಲ್ಲವೇ? ಊರ ಬಾಯಿಗೆ ಬೀಗ ಹಾಕುವವರು ಯಾರು ಹೇಳಿ!

ಅವಳ ಗಂಡ ಭುಜಂಗ ಮಂಗಳೂರಿನಲ್ಲಿ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವನು. ಮೇಲಿನಿಂದ ಬಿದ್ದ ದಿನ ಸೇಫ್ಟಿ ಬೆಲ್ಟ್ ಹೆಗಲ ಮೇಲೇ ಇತ್ತು, ಸೊಂಟಕ್ಕೆ ಕಟ್ಟಿರಲಿಲ್ಲ. ಸೆಖೆಯಂತೆ. ಆ ಸೆಖೆಯನ್ನು ನೆನೆದರೆ ಪುಷ್ಪಾವತಿಗೆ ಇಂದಿಗೂ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ. ಸುರಕ್ಷತೆಯ ಉಸ್ತುವಾರಿ ಯಾರು ನೋಡಿಕೊಳ್ಳುತ್ತೀರಿ ಎಂದು ಕಿಟ್ಟಣ್ಣ ಕೇಳಿದಾಗ ಮುಂದೆ ಬಂದವಳು ಅವಳೊಬ್ಬಳೇ.

ಹೊಸದಾಗಿ ಕೆಲಸಕ್ಕೆ ಸೇರಿದ ಅಶ್ಮಿತಾ ಹೊಸ ಮದುಮಗಳು. ಗಂಡ ಲತೇಶ್ ರಜೆ ತೀರುತ್ತಲೇ ದುಬೈ ವಿಮಾನ ಹತ್ತಿದ್ದ. ಹುಡುಗಿಗೆ ಕೈತುಂಬ ಹಸಿರು ಗಾಜಿನ ಬಳೆ.

"ಅತ್ತೆ ಬಿಚ್ಚಬೇಡ ಅಂದಿದ್ದಾರೆ ಪುಷ್ಪಕ್ಕ. ಇವರು ದುಬೈಲಿ ಒಬ್ರೇ ಇರುದು. ಎಂತಾದ್ರೂ ಆದ್ರೆ?"

"ಎಂತಾದ್ರೂ ಆಗುದು ಅಲ್ಲಿ ಅಲ್ಲ ಮಾರಾಯ್ತಿ, ಇಲ್ಲಿ!"

ಹಿಂದಿನಿಂದ ಯಾರೋ ಅಂದುಬಿಟ್ಟರು: "ತನ್ನ ಕೈ ಬರಿದಾಯ್ತು ಅಂತ ಎಲ್ಲರದ್ದೂ ಬರಿದಾಗ್ಬೇಕಾ?" ಪುಷ್ಪಾವತಿ ಬಳೆಯ ಮಾತು ಬಿಟ್ಟು ಅತ್ತ ತಿರುಗಿ ನಡೆದಳು. ಅಷ್ಟು ಬಾಯಿಯ ಹೆಂಗಸು ಹಟ ಬಿಟ್ಟದ್ದು ಅದೊಂದೇ ದಿನ. ಅಯ್ಯೋ, ಅವತ್ತೇ ಆಗಬೇಕಿತ್ತೇ!

ಅಶ್ಮಿತಾ ಹಸಿ ರಬ್ಬರನ್ನು ಎರಡು ರೋಲರುಗಳ ನಡುವೆ ತೂರಿಸುತ್ತಿದ್ದಳು. ಬಳೆಗಳು ಪಕ್ಕದ ಬೋಲ್ಟಿಗೆ ಸಿಕ್ಕಿಕೊಂಡವು. ಬೆರಳಿಗೆ ಅಂಟಿದ ರಬ್ಬರ್ ಕೈಯನ್ನು ರೋಲರುಗಳೊಳಗೆ ಎಳೆಯತೊಡಗಿತು. ಕೈಯನ್ನು ಜೋರಾಗಿ ಜಗ್ಗಿದ್ದರೆ ಬಳೆ ಒಡೆದು ಕೈ ಹೊರಬರುತ್ತಿತ್ತು. ಹುಡುಗಿ ಜಗ್ಗಲಿಲ್ಲ! ಬಳೆ ಒಡೆದರೆ ಲತೇಶನಿಗೆ ಕೇಡು ಎಂದು ಹೆದರಿ, ಮೆಲ್ಲಗೆ ಬಿಡಿಸಿಕೊಳ್ಳಲು ನೋಡಿದಳು. ಪುಷ್ಪಾವತಿ ಓಡಿಬಂದು ಆ ಮಣಿಕಟ್ಟನ್ನು ಹಿಡಿದು ಇದ್ದ ಬಲವೆಲ್ಲ ಹಾಕಿ ಎಳೆದಳು. ಬಳೆಗಳು ಚೂರುಚೂರಾದವು. ಬೆರಳ ತುದಿಯ ಚರ್ಮ ಸುಲಿದುಹೋಗಿತ್ತು, ಬೆರಳುಗಳು ಉಳಿದಿದ್ದವು.

ಯಾರೋ ಮೆಷಿನ್ ನಿಲ್ಲಿಸಿದರು. ಎಲ್ಲರೂ ನೋಡಿದ್ದು ನೆಲದ ಚೂರುಗಳನ್ನೇ. ಹೊಸ ಮದುಮಗಳ ಬಳೆಯನ್ನು ವಿಧವೆ ಒಡೆದಿದ್ದಾಳೆ! ಚೂರುಗಳನ್ನು ಪುಷ್ಪಾವತಿಯೇ ಗುಡಿಸಿದಳು. ಇನ್ನು ಲತೇಶನಿಗೊಂದು ನೆಗಡಿಯಾದರೂ ತನ್ನ ತಲೆಗೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ದಿನಾ ದೈವಕ್ಕೆ ಕೈಮುಗಿದು, ಕಂಡರಿಯದ ಆ ಹುಡುಗನನ್ನು ಕಾಪಾಡಪ್ಪಾ ಎಂದು ಬೇಡಿಕೊಂಡಳು. ಪಾಪ.

ಗಾಯ ಮಾಗಿ ಅಶ್ಮಿತಾ ಕೆಲಸಕ್ಕೆ ಮರಳಿದ ದಿನ ಅತ್ತೆ ತುಂಗಾ ಜೊತೆಯಲ್ಲೇ ಬಂದಳು. ಪುಷ್ಪಾವತಿ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಳು.

"ಬೈಲಿಕ್ಕೆ ಬಂದದ್ದಲ್ಲ ಪುಷ್ಪಾ. ಲತೇಶ ಫೋನಿನಲ್ಲಿ ನನಗೇ ಬೈದ. ಬಳೆ ಪೇಟೆಯಲ್ಲಿ ಸಿಗ್ತದೆ ಅಮ್ಮ, ಇವಳ ಕೈ ಸಿಗ್ತದಾ ಅಂತ." ತುಂಗಾ ಕಾಗದದ ಪೊಟ್ಟಣ ಬಿಚ್ಚಿದಳು. ಒಳಗೆ ಹೊಸ ಹಸಿರು ಬಳೆ. "ನೀನೇ ಹಾಕು ಇವಳಿಗೆ."

"ನಾನಾ? ಬೇಡ ತುಂಗಕ್ಕ, ನನ್ನ ಕೈಯಿಂದ..."

"ನಿನ್ನ ಕೈ ಇಲ್ಲದಿದ್ರೆ ಬಳೆ ಹಾಕ್ಲಿಕ್ಕೆ ಇವಳಿಗೆ ಕೈ ಎಲ್ಲಿತ್ತು? ಹಾಕು ಅಂದೆನಲ್ಲ!"

ಭುಜಂಗ ಹೋದ ಮೇಲೆ ಪುಷ್ಪಾವತಿ ಬಳೆ ಮುಟ್ಟಿದವಳಲ್ಲ. ಒಂದೊಂದಾಗಿ ಏರಿಸುತ್ತ ಹೋದಂತೆ ಕಣ್ಣು ಮಂಜಾಗಿ, ಕೊನೆಯದನ್ನು ಅಂದಾಜಿನ ಮೇಲೆ ಹಾಕಿದಳು. ಆಮೇಲೆ ಮೂಗೊರೆಸಿಕೊಂಡು ಗಂಟಲು ಸರಿಮಾಡಿಕೊಂಡಳು.

"ಆಯ್ತಲ್ಲ? ಇನ್ನು ಬಿಚ್ಚು. ಮೆಷಿನ್ ಶುರು ಮಾಡ್ಲಿಕ್ಕುಂಟು."

ತುಂಗಾ ನಗುತ್ತ ಸೆರಗೊಡ್ಡಿದಳು. ಅಶ್ಮಿತಾ ಬಳೆ ಬಿಚ್ಚಿ ಅದರೊಳಗೆ ಹಾಕಿದಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ತಮ್ಮ ಬಳೆ ಬಿಚ್ಚಿ ಹಾಕಿದರು.