ಅವಳ ದೇಶ, ನನ್ನ ದೇಶ

ಮೊನ್ನೆ ಸರಟೋಗಾದ ಗ್ರೋಸರಿ ಅಂಗಡಿಯಲ್ಲಿ ಉಪ್ಪಿನಕಾಯಿ ಹುಡುಕುತ್ತ ಹೋದವಳು ಮೀನಿನ ಡಬ್ಬಿಗಳ ಮುಂದೆ ನಿಂತುಬಿಟ್ಟೆ. ನಾನು ಹುಟ್ಟಿದಾಗಿನಿಂದ ಮೀನು ತಿಂದವಳಲ್ಲ. ಆದರೂ ಒಂದು ಡಬ್ಬಿ ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿದೆ. ಎಸ್ಟೋನಿಯಾದಲ್ಲಿ ತಯಾರಾದದ್ದು. ನಿಮಗೆ ನಗು ಬರಬಹುದು, ಇಷ್ಟು ವರ್ಷಗಳಾದ ಮೇಲೂ ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು. ಲಿಥುವೇನಿಯಾದ ಡಬ್ಬಿ ಏನಾದರೂ ಇದೆಯೇ ಎಂದು ಅಕ್ಕಪಕ್ಕವೆಲ್ಲ ತಡಕಾಡಿದೆ. ಇರಲಿಲ್ಲ.

ಲಿಥುವೇನಿಯಾ ನನ್ನ ದೇಶ. ಎಸ್ಟೋನಿಯಾ ನಸ್ರೀನಳದು. ಇಬ್ಬರೂ ಅವನ್ನು ಕಣ್ಣಾರೆ ಕಂಡವರಲ್ಲ.

ಅದು ಇಂಟರ್‌ನೆಟ್ ಕಂಪನಿಗಳು ಅಣಬೆಯಂತೆ ಏಳುತ್ತಿದ್ದ ಡಾಟ್‌ಕಾಮ್ ಕಾಲ. ಇಲ್ಲಿ ಎಂಥ ಯೋಚನೆಗೂ ದುಡ್ಡು ಹಾಕುವವರು ಸಿಗುತ್ತಿದ್ದರು. ಸ್ಯಾನ್ ಮಟೇಯೋದಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲ್ಮಹಡಿಯಲ್ಲಿ ಡೇವಿಡ್ ಎಂಬವನು ಒಂದು ಪುಟ್ಟ ಆಫೀಸು ತೆರೆದಿದ್ದ. ಪೂರ್ವ ಯುರೋಪಿನ ದೇಶಗಳು ಆಗ ಯುರೋಪಿನ ಒಕ್ಕೂಟ ಸೇರಲು ಸಾಲು ನಿಂತಿದ್ದವು. ಯಾವುದು ಯಾವಾಗ ಒಳಗೆ ಹೋಗುತ್ತದೆ ಎಂದು ಅಲ್ಲಿ ವ್ಯಾಪಾರಕ್ಕಿಳಿಯಬೇಕೆಂದಿದ್ದ ಇಲ್ಲಿನ ಸಾಫ್ಟ್‌ವೇರ್ ಕಂಪನಿಗಳಿಗೆ ಮೊದಲೇ ತಿಳಿಯಬೇಕಿತ್ತು. ಅದನ್ನು ಹೇಳುವುದು ನಮ್ಮ ಕೆಲಸ. ಒಕ್ಕೂಟದ ಕಾನೂನುಗಳನ್ನು ಮೂವತ್ತೊಂದು ಅಧ್ಯಾಯ ಮಾಡಿದ್ದರು. ಒಂದೊಂದರಲ್ಲೂ ನಾವು ನೋಡುತ್ತಿದ್ದದ್ದು ಎರಡೇ: ಕಾನೂನು ಬಂದಿದೆಯೇ? ಅದನ್ನು ನಡೆಸುವ ಜನ ಇದ್ದಾರೆಯೇ? ಆಮೇಲೆ ‘ಸಿದ್ಧ’, ‘ಬಹುಪಾಲು ಸಿದ್ಧ’, ‘ಇನ್ನೂ ಇಲ್ಲ’ ಎಂದು ಮೂರರಲ್ಲಿ ಒಂದನ್ನು ಬರೆಯುವುದು. ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದ ನಾನು ಒಂದಿಡೀ ದೇಶಕ್ಕೆ ‘ಇನ್ನೂ ಇಲ್ಲ’ ಎಂದು ಬರೆಯುತ್ತಿದ್ದೆ.

ನಸ್ರೀನ್ ಹುಬ್ಬಳ್ಳಿಯವಳು. ನನ್ನ ಹಾಗೆಯೇ ರಾಜ್ಯಶಾಸ್ತ್ರದಲ್ಲಿ ಎಂ.ಎ. ಅವಳು ನನಗಿಂತ ಮೊದಲು ಕೆಲಸಕ್ಕೆ ಸೇರಿದಳೆಂದು ನನ್ನ ನೆನಪು. ದಿನಚರಿ ನೋಡಿದರೆ ಇಬ್ಬರೂ ಸೇರಿದ್ದು ಒಂದೇ ಸೋಮವಾರ. ಹೊಟ್ಟೆಕಿಚ್ಚು ಇಟ್ಟುಕೊಂಡ ನೆನಪನ್ನು ಸಾಕ್ಷಿಗೆ ಕರೆಯಬಾರದು.

ಯಾರಿಗೆ ಯಾವ ದೇಶ ಎಂಬ ಹಂಚಿಕೆಯಲ್ಲೇ ನನಗೆ ಅನ್ಯಾಯವಾಗಿತ್ತು. ಅವಳ ದೇಶ ಮೊದಲನೇ ತಂಡದಲ್ಲಿ ಮಾತುಕತೆಗೆ ಕೂತಾಗಿತ್ತು, ನನ್ನದು ಹೊರಗೆ ಕಾಯುತ್ತಿತ್ತು. ಅವಳದರಲ್ಲಿ ಎಲ್ಲೆಲ್ಲೂ ಕಂಪ್ಯೂಟರು. ನನ್ನದರಲ್ಲಿ ಒಂದು ಹಳೇ ಅಣುಸ್ಥಾವರ. ಅದನ್ನು ಮುಚ್ಚಲು ಒಪ್ಪಿದರೇ ಒಳಗೆ ಬಿಡುವುದು ಎಂದು ಒಕ್ಕೂಟದ ಪಟ್ಟು.

“ಏ ಮೈಸೂರಾಕಿ, ನಮ್ಮ ಮಂತ್ರಿಗಳು ಮೀಟಿಂಗಿನ್ಯಾಗ ಕಾಗದಾನ ಮುಟ್ಟಂಗಿಲ್ಲಂತ. ಎಲ್ಲಾ ಕಂಪ್ಯೂಟರಿನ್ಯಾಗ,” ಎನ್ನುತ್ತಿದ್ದಳು ನಸ್ರೀನ್.

“ನಮ್ಮೋರು ಓದಿ ಸೈನ್ ಮಾಡ್ತಾರೆ ಕಣೆ. ನಿಮ್ಮೋರ ಥರ ಬಟನ್ ಒತ್ತಿ ಮನೆಗೆ ಹೋಗಲ್ಲ.”

“ಆತು ಬಿಡು. ಮೊದಲ ಆ ಪ್ಲಾಂಟ್ ಮುಚ್ಚಸು, ಆಮ್ಯಾಲೆ ಮಾತಾಡೂಣು.”

ಇದನ್ನು ಮನೆಯಲ್ಲಿ ಹೇಳಿದರೆ ಗಂಡ, “ಹೆಣ್ಣು ಕೊಟ್ಟ ಮನೆ ಬಗ್ಗೆ ಮಾತಾಡೋ ಹಾಗೆ ಮಾತಾಡ್ತೀರಲ್ಲೇ ಇಬ್ರೂ,” ಎಂದು ನಗುತ್ತಿದ್ದರು. ಮಗಳಂತೂ ಡೇಕೇರಿನಲ್ಲಿ “ಮೈ ಮಾಮ್ ಈಸ್ ಫ್ರಮ್ ಲಿಥುವೇನಿಯಾ” ಎಂದು ಹೇಳಿ ಬಂದಿದ್ದಳು. ನಾನು ತಿದ್ದಲು ಹೋಗಲಿಲ್ಲ.

ಡೇವಿಡ್ ದಿನವೂ ಅವಳ ಮೇಜಿನ ಹತ್ತಿರ ನಿಂತು ಅರ್ಧ ಗಂಟೆ ಮಾತಾಡುತ್ತಿದ್ದ. ನನ್ನ ಹತ್ತಿರ ಬಂದರೆ ಸ್ಟೇಪ್ಲರ್ ಕೇಳಲು. ದಿನಚರಿಯಲ್ಲಿ ಒಂದು ಕಡೆ ಬರೆದುಕೊಂಡಿದ್ದೇನೆ: “ಇವತ್ತೂ ಸ್ಟೇಪ್ಲರ್.”

ಅಷ್ಟರಲ್ಲಿ ದುಡ್ಡು ಹಾಕಿದವರು ಕೈ ಬಿಗಿ ಮಾಡತೊಡಗಿದರು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಇಟ್ಟುಕೊಳ್ಳುತ್ತೇನೆ ಎಂದು ಡೇವಿಡ್ ನಮ್ಮನ್ನು ಕೂರಿಸಿಯೇ ಹೇಳಿದ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕುವುದು ನಮ್ಮಲ್ಲಿದ್ದ ಕ್ರಮ. ನಸ್ರೀನಳ ಕೊನೆಯ ವರದಿ ನನ್ನ ಮೇಜಿಗೆ ಬಂತು. ಮೀನುಗಾರಿಕೆಯ ಅಧ್ಯಾಯದಲ್ಲಿ ಅವಳು ‘ಬಹುಪಾಲು ಸಿದ್ಧ’ ಎಂದು ಬರೆದಿದ್ದಳು. ಬಂದರಿನಲ್ಲಿ ಮೀನು ತೂಗಿ ನೋಡುವ ಇನ್‌ಸ್ಪೆಕ್ಟರುಗಳನ್ನು ನೇಮಿಸಿದ್ದಾರೆಯೇ ಎಂಬುದಕ್ಕೆ ಮಾತ್ರ ಪುರಾವೆ ಇರಲಿಲ್ಲ. ಅದನ್ನು ಕೇಳಿ ಅಲ್ಲಿಗೆ ಪತ್ರ ಬರೆದು ಕಾಯುತ್ತಿದ್ದಳು. ನಾನು ಅವಳ ‘ಬಹುಪಾಲು ಸಿದ್ಧ’ವನ್ನು ಹೊಡೆದುಹಾಕಿ ‘ಇನ್ನೂ ಇಲ್ಲ, ಪುರಾವೆಯಿಲ್ಲ’ ಎಂದು ಬರೆದೆ. ವರದಿಯನ್ನು ಮತ್ತೆ ತಿದ್ದಬೇಕಾಗಿ ತಡವಾಯಿತು, ಗಿರಾಕಿ ರೇಗಿದ, ತಪ್ಪು ನಸ್ರೀನಳದೆಂದಾಯಿತು. ಡೇವಿಡ್ ನನ್ನನ್ನು ‘ಕಟ್ಟುನಿಟ್ಟಿನವಳು’ ಎಂದು ಮೆಚ್ಚಿಕೊಂಡು ಉಳಿಸಿಕೊಂಡ. ನಸ್ರೀನ್ ಹೋದಳು.

ಗೆದ್ದ ಕೆಲಸ ಎಂಟು ತಿಂಗಳೂ ಬಾಳಲಿಲ್ಲ, ಆಫೀಸೇ ಮುಚ್ಚಿತು. ಕೆಲವು ವರ್ಷ ಕಳೆದ ಮೇಲೆ ಅವಳ ದೇಶ, ನನ್ನ ದೇಶ ಎರಡೂ ಒಂದೇ ದಿನ ಒಕ್ಕೂಟ ಸೇರಿದವು. ನಸ್ರೀನ್ ಮಾರ್ಗನ್ ಹಿಲ್‌ನಲ್ಲಿ ಮನೆ ಮಾಡಿ ಡೇಕೇರ್ ಶುರು ಮಾಡಿದಳು. ಈಗ ಅವು ಮೂರಾಗಿವೆಯಂತೆ. ಅದಕ್ಕೂ ಹೊಟ್ಟೆ ಉರಿದಿದೆ, ಮುಚ್ಚಿಡುವುದೇನು.

ಪುರಾವೆಯ ಫ್ಯಾಕ್ಸು ನಾನು ಸಹಿ ಹಾಕಿದ ಮೇಲೆ ಬಂತು, ಪಾಪ ಅವಳ ನಸೀಬು ಎಂದು ಇಷ್ಟು ವರ್ಷ ನಾನು ನನಗೇ ಹೇಳಿಕೊಂಡು ಬಂದಿದ್ದೆ. ಆ ವರ್ಷದ ದಿನಚರಿ ಕಪಾಟಿನಲ್ಲೇ ಇತ್ತು. ಆ ಪುಟ ಮಾತ್ರ ತೆರೆದಿರಲಿಲ್ಲ. ಮೊನ್ನೆ ಅಂಗಡಿಯಿಂದ ಬಂದವಳೇ ತೆರೆದೆ. ನನ್ನದೇ ಗುಂಡು ಅಕ್ಷರ: “ನಸ್ರೀನ್ ಊಟಕ್ಕೆ ಹೋಗಿದ್ದಾಗ ಅವಳ ಫ್ಯಾಕ್ಸು ಬಂತು. ಸಂಜೆ ವರದಿಗೆ ಸಹಿ ಹಾಕಿದೆ.” ಎರಡೇ ವಾಕ್ಯ. ನಡುವೆ ಏನು ಮಾಡಿದೆ ಎಂಬುದು ಅದರಲ್ಲಿಲ್ಲ. ಆದರೆ ಕಾಗದವನ್ನು ಫೈಲಿನ ತಳಕ್ಕೆ ಸೇರಿಸಿದ ನನ್ನ ಕೈ ನನಗೆ ಕಂಡಿತು.

ಈದ್‌ಗೆ, ದೀಪಾವಳಿಗೆ ಮೆಸೇಜು ಬಿಟ್ಟರೆ ನಮ್ಮಿಬ್ಬರಲ್ಲಿ ಮಾತಿರಲಿಲ್ಲ. ಫೋನ್ ಮಾಡಿದೆ. ಫ್ಯಾಕ್ಸು ಮುಚ್ಚಿಟ್ಟದ್ದನ್ನು ಹೇಳಿಯೂಬಿಟ್ಟೆ.

“ಆ ಫ್ಯಾಕ್ಸೇನು? ಮುಂದಿನ ವಾರಾನ ಫೈಲಿನ ತಳದಾಗ ಸಿಕ್ತು ನನಗ,” ಎಂದಳು. “ಮೀನಿನ ಸಲುವಾಗಿ ಕೆಲಸ ಕಳಕೊಂಡೆ ಅಂತ ಮನ್ಯಾಗ ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು.”

“ಗೊತ್ತಿದ್ರೂ ಕೇಳ್ಲಿಲ್ವಲ್ಲೇ.”

“ನಿನ್ನ ಜಾಗಾದಾಗ ಇದ್ದಿದ್ರ ನಾನೂ ಮಾಡ್ತಿದ್ದೆನೋ ಏನೋ. ಅದು ಬಿಡು. ನಾ ಪೆಟ್ಟಗಿ ಹೊತ್ತಗೊಂಡು ಹೊಂಟಾಗ ನೀ ಫೋನ್ ಹಿಡಕೊಂಡು ಮಾತಾಡೋ ಹಂಗ ಮಾಡಿದ್ದಿ ನೋಡು, ಅದು ಮರೀಲಿಕ್ಕೆ ಆಗವಲ್ತು. ಆಫೀಸಿನ್ಯಾಗ ಯಾರ ಲೈನಿನ್ಯಾಗ ಮಾತಾಡಿದ್ರೂ ಎಲ್ಲಾರ ಫೋನಿನ್ಯಾಗೂ ಅದರ ದೀಪ ಹತ್ತತಿತ್ತಲ್ಲ? ನನ್ನ ಫೋನಿನ್ಯಾಗ ನಿನ್ನ ದೀಪ ಹತ್ತಿರಲಿಲ್ಲ. ಆ ಕಡೆ ಯಾರೂ ಇರಲಿಲ್ಲ.”

“ಹಾಗೆ ಮಾಡಿದ್ನಾ?”

“ಮಾಡಿದ್ದಿ.”

ಶನಿವಾರ ಬರಲೇ ಎಂದು ಕೇಳಿದೆ. “ಶನಿವಾರ ಮೊಮ್ಮಗಳದು ಸ್ವಿಮ್ಮಿಂಗ್ ಐತಿ. ನೋಡೂಣು,” ಎಂದು ಫೋನಿಟ್ಟಳು.

ಆ ಫೋನಿನ ನಾಟಕ ಎಷ್ಟು ತಿಣುಕಿದರೂ ನನಗೆ ನೆನಪಿಲ್ಲ. ನೆನಪಿನಲ್ಲೂ ಅವಳೇ ಮುಂದೆ ಎಂದು ಒಂದು ಕ್ಷಣ ಹೊಟ್ಟೆಕಿಚ್ಚಾದದ್ದೂ ನಿಜ. ಅವಳು ಹೋದ ದಿನದ ಪುಟ ತಿರುವಿದೆ. “ಮಳೆ. ಹೊಸ ಕುರ್ಚಿ ಬಂತು” ಎಂದಷ್ಟೇ ಇತ್ತು. ಪೆನ್ನು ತಂದು ಅದರ ಕೆಳಗೆ ಬರೆದೆ: “ನಸ್ರೀನ್ ಹೋದಳು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.”