ಪೆಟ್ಟಿಗೆಯ ಮೇಲೆ ಐದು ಅರಿಶಿನದ ಬೊಟ್ಟು

1999ರಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ಹರಾಜು ಸಂಸ್ಥೆಯಲ್ಲಿ ಅಪ್ರೈಸರ್ ಆಗಿದ್ದೆ. ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ನೋಡಿ, ಕೇಳಿ, ಇಂತಿಷ್ಟು ಬೆಲೆ ಬಾಳುತ್ತದೆ ಎಂದು ಬರೆದುಕೊಡುವುದು ಕೆಲಸ. ಡಾಟ್-ಕಾಂ ಕಾಲ ನೋಡಿ, ಬಂದವರೆಲ್ಲ ಇಂಟರ್ನೆಟ್ಟಿನಲ್ಲಿ ಕಂಡ ಬೆಲೆಯನ್ನು ತಲೆಯಲ್ಲಿಟ್ಟುಕೊಂಡೇ ಬರುತ್ತಿದ್ದರು. ಒಬ್ಬ ಕೇಳುವ ಬೆಲೆಗೂ ಇನ್ನೊಬ್ಬ ಕೊಡುವ ಬೆಲೆಗೂ ಅಜಗಜಾಂತರ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಆ ವರ್ಷದ ಅಕ್ಟೋಬರಿನಲ್ಲಿ ಸಾಂಟಾ ಕ್ಲಾರಾದಿಂದ ಮಾರ್ಗರೆಟ್ ಎಂಬ ನಿವೃತ್ತ ಶಾಲಾ ಟೀಚರ್ ಫೋನ್ ಮಾಡಿದರು. ತೀರಿಕೊಂಡ ಗಂಡನ ಬಳಿ ಒಂದು ಸ್ಮಾರಕ ಸಂಪುಟ ಇತ್ತಂತೆ. ಹೆಸರಾಂತ ಆರ್ಕೆಸ್ಟ್ರಾ ಕಂಡಕ್ಟರ್ ಒಬ್ಬರು ಸತ್ತಾಗ, ಅವರು ನಡೆಸಿಕೊಟ್ಟ ಸಿಂಫನಿಗಳನ್ನೆಲ್ಲ ಸೇರಿಸಿ ರೆಕಾರ್ಡ್ ಕಂಪನಿ ಹೊರತಂದದ್ದು. ಕೆನೆಬಣ್ಣದ ನಾರುಬಟ್ಟೆ ಹೊದಿಸಿದ ಪೆಟ್ಟಿಗೆ, ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ. ಇಂಥ ವಸ್ತುವಿನಲ್ಲಿ ಸಂಗೀತಕ್ಕೆ ಅರ್ಧ ಬೆಲೆಯಾದರೆ ಉಳಿದರ್ಧ ಪೆಟ್ಟಿಗೆಗೆ. ಹೊದಿಕೆಯಲ್ಲಿ ಒಂದು ಕಲೆ ಇದ್ದರೂ ಕೊಳ್ಳುವವರು ಮೂಗು ಮುರಿಯುತ್ತಾರೆ.

ಮಾರ್ಗರೆಟ್‌ಗೆ ಅದನ್ನು ಮಾರಲೇಬೇಕಿತ್ತು. ಇಂಜಿನಿಯರುಗಳು ಬಂದು ತುಂಬಿಕೊಂಡಂತೆಲ್ಲ ಅವರ ಅಪಾರ್ಟ್‌ಮೆಂಟಿನ ಬಾಡಿಗೆ ಏರಿತ್ತು. ಹಿರಿಯ ನಾಗರಿಕರ ವಸತಿಯಲ್ಲಿ ವಸಂತಕ್ಕೆ ಒಂದು ಮನೆ ಸಿಗುವುದಿತ್ತು. ಅಲ್ಲಿಯವರೆಗೆ ತಳ್ಳಲು ಈ ಪೆಟ್ಟಿಗೆಯೇ ಆಧಾರ. ಸ್ವತಃ ಕಣ್ಣಿನ ಆಪರೇಷನ್ನಿಗೆಂದು ತಂಗಿಯ ಊರಿಗೆ ಹೋಗಿದ್ದರು. ಪೆಟ್ಟಿಗೆಯನ್ನು ಪಕ್ಕದ ಮನೆಯವರ ಬಳಿ ಇಟ್ಟಿದ್ದೇನೆ, ಅಲ್ಲೇ ಹೋಗಿ ನೋಡಿ ಎಂದರು.

ಬಾಗಿಲು ತೆರೆದಾಕೆ ಮಂಡ್ಯದ ಕಡೆಯ ಶೈಲಜಾ. ನನ್ನ ಹೆಸರು ಕೇಳುತ್ತಿದ್ದಂತೆ, "ಅಯ್ಯೋ, ಕನ್ನಡದವ್ರಾ ಸರ್?" ಎಂದು ಅಳುವುದಕ್ಕೇ ಶುರು ಮಾಡಿದರು. ನನಗೆ ಗಾಬರಿ. ಒಳಗೆ ಟೇಬಲ್ಲಿನ ಮೇಲೆ ಪೆಟ್ಟಿಗೆ ಇತ್ತು. ಅದರ ಮುಚ್ಚಳದ ಮೇಲೆ ಸಾಲಾಗಿ ಐದು ಕಲೆ, ಇಟ್ಟಿಗೆ ಕೆಂಪು ಬಣ್ಣದವು.

"ನವರಾತ್ರಿ ಸರಸ್ವತಿ ಪೂಜೆಗೆ ಪುಸ್ತಕದ ಜೊತೆ ಇದನ್ನೂ ಇಟ್ಟೆ ಸರ್. ಸಂಗೀತ ಅಂದ್ರೆ ವಿದ್ಯೆ ಅಲ್ವಾ, ಮನೇಲಿಟ್ಕೊಂಡು ಪೂಜೆ ಮಾಡ್ದೆ ಬಿಡೋದು ಹೇಗೆ? ಕುಂಕುಮ ಇಟ್ರೆ ಕಲೆ ಆಗುತ್ತೆ ಅಂತ ಬರೀ ಅರಿಶಿನದ ಬೊಟ್ಟಿಟ್ಟೆ. ಆಮೇಲೆ ಡಿಶ್ ಸೋಪ್ ಹಾಕಿ ಒರೆಸಿದ್ರೆ ಹಳದಿ ಹೋಗಿ ಕೆಂಪಾಗೋಯ್ತು. ದೇವ್ರಿಗೇ ಕೋಪ ಬಂತೇನೋ ಅನ್ಕೊಂಡೆ."

ಎಂಥ ಎಡವಟ್ಟು! ಅಮೆರಿಕಾದಲ್ಲಿ ನಮ್ಮವರ ಕೈಗೆ ಸಿಕ್ಕಿದ್ದಕ್ಕೆ ಮಾತ್ರ ಆಗಬಹುದಾದ ಅನಾಹುತ. ಬೈಯಬೇಕೆನಿಸಿತು, ನಗುವೂ ಬಂತು. ರೆಕಾರ್ಡುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡಿದೆ. ಒಂದು ಗೀರೂ ಇಲ್ಲ, ಎಲ್ಲ ಹೊಚ್ಚಹೊಸದರಂತಿದ್ದವು. ಈ ಪೆಟ್ಟಿಗೆ ಚೊಕ್ಕವಾಗಿದ್ದರೆ ಹರಾಜಿನಲ್ಲಿ ಎರಡು ಸಾವಿರ ಡಾಲರ್ ದಾಟುತ್ತಿತ್ತು, ಹೀಗಿದ್ದರೆ ಅದರ ಮೂರನೆಯ ಒಂದು ಪಾಲು ಬಂದರೆ ಹೆಚ್ಚು. ಅಷ್ಟು ಹಣದಲ್ಲಿ ಮಾರ್ಗರೆಟ್ ವಸಂತದವರೆಗೆ ಆ ಮನೆಯಲ್ಲಿರಲು ಆಗುತ್ತಿರಲಿಲ್ಲ.

"ಸರ್, ಮೊದ್ಲಿಂದ್ಲೂ ಹಿಂಗೇ ಇತ್ತು ಅಂತ ಬರೆದ್ಬಿಡಿ. ಅವ್ರಿಗೆ ನಾವು ದುಡ್ಡು ಕೊಡ್ತೀವಿ, ಹೇಗೋ ಒಂದು ರೀತೀಲಿ. ಆದ್ರೆ ನಾನು ಮಾಡ್ದೆ ಅಂತ ಗೊತ್ತಾಗ್ಬಾರ್ದು. ನೀವು ನಮ್ಮೋರೇ ಅಲ್ವಾ?"

ನನಗೆ ಸಿಟ್ಟು ಬಂತು. ಊರಿನ ಹೆಸರು ಹೇಳಿ ಕೈ ಕಟ್ಟಿಹಾಕುವುದು ನನಗೆ ಆಗದ ಮಾತು. "ನೋಡಮ್ಮಾ, ಸುಳ್ಳು ಬರೆದರೆ ನನ್ನ ಸಹಿಗೆ ನಾಳೆ ಮೂರು ಕಾಸಿನ ಬೆಲೆ ಇರಲ್ಲ. ವಸ್ತು ಅವರದ್ದು. ಈಗಲೇ ಫೋನ್ ಮಾಡಿ ಹೇಳಿ. ನಾನಿಲ್ಲೇ ಕೂತಿರ್ತೀನಿ" ಎಂದೆ.

ಆಕೆ ನಂಬರ್ ಒತ್ತಿದರು. ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು, ಸೋಪಿನವರೆಗೂ. ಹೇಳಿ ಮುಗಿಸಿ ಸ್ಪೀಕರ್ ಗುಂಡಿ ಒತ್ತಿದರು. ಆ ಕಡೆಯಿಂದ ಮಾರ್ಗರೆಟ್ ಕೇಳಿದರು: "ಅಂದರೆ ನೀನು ಅದಕ್ಕೆ ಪೂಜೆ ಮಾಡಿದೆಯಾ?"

"ಹೌದು. ಸಾರಿ, ತುಂಬಾ ಸಾರಿ."

ಮುದುಕಿ ಗಹಗಹಿಸಿ ನಗತೊಡಗಿದರು. "ನನ್ನ ಗಂಡ ಅದರ ಧೂಳು ಒರೆಸಲೂ ನನ್ನನ್ನು ಬಿಡಲಿಲ್ಲ, ಮಾರಾಯ್ತಿ! ಜೀವನಪೂರ್ತಿ ಅವನೊಬ್ಬನೇ ಪೂಜೆ ಮಾಡಿದ್ದು." ನಗು ನಿಂತ ಮೇಲೆ ದನಿ ಇಳಿಯಿತು. "ಆದರೆ ನನಗೆ ಆ ಹಣ ಬೇಕು, ಶೈಲಾ. ಆ ಮನುಷ್ಯ ಅಲ್ಲಿದ್ದರೆ ಏನಾದರೂ ಮಾಡಲು ಆಗುತ್ತದೆಯೇ ಕೇಳು."

ಆ ಮನುಷ್ಯ ನಾನೇ. ಕಲೆಯನ್ನು ಬಗ್ಗಿ ನೋಡುತ್ತಿದ್ದಾಗ ತಟ್ಟನೆ ಹೊಳೆಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿ ನೀರು ಕೆಂಪಾಗುವುದಿಲ್ಲವೇ, ಇದೂ ಅದೇ. ಸೋಪಿನ ಕ್ಷಾರ ತಾಗಿ ಅರಿಶಿನ ಬಣ್ಣ ಬದಲಿಸಿದೆ, ಅಷ್ಟೇ. ಹುಳಿ ಮುಟ್ಟಿಸಿದರೆ ಮತ್ತೆ ಹಳದಿಯಾಗಬೇಕು. ಹಳದಿಯಾದ ಮೇಲೆ? ಶೈಲಜಾ ಕಣ್ಣೊರೆಸಿಕೊಂಡು ಹೇಳಿದರು: "ಬಿಸಿಲಿಗೆ ಇಟ್ರೆ ಹೋಗುತ್ತೆ ಸರ್! ಸೀರೆ ಮೇಲಿನ ಅರಿಶಿನ ಹಂಗೇ ಅಲ್ವಾ ಹೋಗೋದು?"

ಮಾರ್ಗರೆಟ್ ಒಪ್ಪಿಗೆ ಕೊಟ್ಟರು. ಬಿಸಿಲು ತಾಗಿದರೆ ರೆಕಾರ್ಡು ಹಪ್ಪಳದಂತೆ ಸೊಟ್ಟಗಾಗುತ್ತದೆ, ಆದ್ದರಿಂದ ಎಲ್ಲವನ್ನೂ ಹೊರತೆಗೆದು ತಂಪಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ನೀರು ಬೆರೆಸಿದ ವಿನೆಗರನ್ನು ಹತ್ತಿಯಲ್ಲಿ ಅದ್ದಿ, ಮೊದಲು ಪೆಟ್ಟಿಗೆಯ ತಳದಲ್ಲಿ ಒತ್ತಿ ನೋಡಿದೆ. ಬಟ್ಟೆಗೆ ಏನೂ ಆಗಲಿಲ್ಲ. ಮುಚ್ಚಳಕ್ಕೆ ಒತ್ತಿದಾಗ ಕೆಂಪು ಕರಗಿ ಹಳದಿ ಬಂತು. ಒಣಗಿದ ಮೇಲೆ ಬಾಲ್ಕನಿಯ ಬಿಸಿಲಿಗೆ ಇಟ್ಟೆವು. ಇಲ್ಲಿಯ ಅಕ್ಟೋಬರಿನ ಬಿಸಿಲು ಚುರುಕು. ಆ ವಾರವೆಲ್ಲ ಶೈಲಜಾ ಮುಚ್ಚಳ ಕಾಯುತ್ತಾ ಕೂತರಂತೆ, ಒಣಹಾಕಿದ ಸಂಡಿಗೆಗೆ ಕಾಗೆ ಬಾರದಂತೆ ಕಾಯುವ ಹಾಗೆ. ಮತ್ತೆ ಹೋಗಿ ನೋಡಿದಾಗ ನಾಲ್ಕು ಬೊಟ್ಟುಗಳ ಸುಳಿವಿಲ್ಲ. ಐದನೆಯದು ಮಾತ್ರ ಮೂಲೆಯಲ್ಲಿ ತೆಳ್ಳಗೆ ಉಳಿದಿತ್ತು.

"ಅದು ಯಾರಿಗೂ ಕಾಣಲ್ಲ ಬಿಡಿ ಸರ್" ಎಂದರು ಶೈಲಜಾ. ನನಗೆ ಕಂಡಿತ್ತಲ್ಲ. ವರದಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ: ಮುಚ್ಚಳದ ಮೂಲೆಯಲ್ಲಿ ತಿಳಿ ಹಳದಿ ಗುರುತು, ಕಾರಣ ಮನೆಯ ಪೂಜೆಯ ಅರಿಶಿನ, ವಿನೆಗರ್ ಮತ್ತು ಬಿಸಿಲಿನಿಂದ ಕಲೆ ತೆಗೆಯಲಾಗಿದೆ. ಇದನ್ನು ಓದಿ ಕೊಳ್ಳುವವರು ಓಡಿಹೋಗುತ್ತಾರೆ ಎಂದು ನಮ್ಮ ಮ್ಯಾನೇಜರ್ ತಲೆ ಚಚ್ಚಿಕೊಂಡ. ಮುದುಕಿಯ ಮನೆ ನನ್ನ ಒಂದು ಸಾಲಿನ ಮೇಲೆ ನಿಂತಿತ್ತು.

ಹರಾಜಿನಲ್ಲಿ ಸಂಪುಟ ಲಾಸ್ ಗ್ಯಾಟೋಸಿನ ಒಬ್ಬ ವೈದ್ಯರಿಗೆ ಹೋಯಿತು, ಚೊಕ್ಕ ಪೆಟ್ಟಿಗೆಗೆ ಬರುವಷ್ಟೇ ಬೆಲೆಗೆ. ಎರಡು ಸಾವಿರ ದಾಟಿತು. ನಾನು ತಡೆಯಲಾರದೆ ಅವರನ್ನೇ ಕೇಳಿದೆ, ಅರಿಶಿನದ ಸಾಲು ಓದಲಿಲ್ಲವೇ ಎಂದು.

"ಓದಿದ್ದಕ್ಕೇ ಬಂದೆ" ಎಂದರು. "ಇಂಟರ್ನೆಟ್ಟಿನಲ್ಲಿ ಎಲ್ಲರದ್ದೂ ಕಲೆಯೇ ಇಲ್ಲದ ಪೆಟ್ಟಿಗೆ. ತರಿಸಿದರೆ ಒಳಗೆ ರೆಕಾರ್ಡೆಲ್ಲ ಗೀರು. ಕಣ್ಣಿಗೆ ಬೀಳದ ಚುಕ್ಕೆಯನ್ನೂ ನೀವು ಬರೆದಿದ್ದೀರಿ. ಅಂದ ಮೇಲೆ ಒಳಗಿನದ್ದರ ಬಗ್ಗೆ ನೀವು ಬರೆದದ್ದನ್ನೂ ನಂಬಬಹುದು."

ಅಬ್ಬಾ! ಹೊರಗೆ ಬಂದು ಕಾರಿನಲ್ಲಿ ಕೂತು ಉಸಿರು ಬಿಟ್ಟೆ. ಶೈಲಜಾಗೆ ಫೋನ್ ಮಾಡಿ ಹೇಳಿದೆ. ಆಪರೇಷನ್ ಮುಗಿಸಿಕೊಂಡು ಮಾರ್ಗರೆಟ್ ಆಗಲೇ ಮನೆಗೆ ಮರಳಿದ್ದರು. ಶೈಲಜಾ ಫೋನ್ ಕೈಯಲ್ಲಿ ಹಿಡಿದೇ ಪಕ್ಕದ ಮನೆಗೆ ಓಡಿದ್ದು, ಬಾಗಿಲು ಬಡಿದದ್ದು, ಇಬ್ಬರೂ ಒಟ್ಟಿಗೆ ಕೂಗಿದ್ದು ನನಗೆ ಕೇಳಿಸಿತು. ಮಾರ್ಗರೆಟ್ ವಸಂತದವರೆಗೂ ಅದೇ ಮನೆಯಲ್ಲಿದ್ದು, ಆಮೇಲೆ ಹೊಸ ವಸತಿಗೆ ಹೋದರು.

ಅಂದಿನಿಂದ ನಿವೃತ್ತನಾಗುವವರೆಗೂ ಎಂಥ ಚೊಕ್ಕ ವಸ್ತು ಬಂದರೂ ಅದರ ಕುಂದನ್ನೇ ವರದಿಯ ಮೊದಲ ಸಾಲಿನಲ್ಲಿ ಬರೆದೆ. ಮಾಲೀಕರು ಗೊಣಗುತ್ತಿದ್ದರು. ನಾನು ಬದಲಾಯಿಸಲಿಲ್ಲ.