ಭರತ ಆರಿಸಿದ ಬೆಲ್ಟ್

ಏಕಸಂಬಿಯ ಭರತ ಮಾತು ಕಡಿಮೆಯವನು. ವಯಸ್ಸು ಇಪ್ಪತ್ತೆಂಟು. ಹಂಗಾಮಿನಲ್ಲಿ ಉಗಾರದ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರ್ ಓಡಿಸುತ್ತಾನೆ, ಉಳಿದ ದಿನ ಅಣ್ಣ ಬಾಬಾಸಾಹೇಬನ ಜೊತೆ ಹೊಲದ ಕೆಲಸ. ಆದರೆ ಚಿಕ್ಕೋಡಿ, ರಾಯಬಾಗ ಕಡೆಯ ಜನ ಅವನನ್ನು ಗುರುತಿಸುವುದು ಕಬಡ್ಡಿಯಿಂದ. ಊರಿನ ಯುವಕ ಮಂಡಳದ ತಂಡ ಕಟ್ಟಿದವನು ಬಾಬಾಸಾಹೇಬ. ಅಪ್ಪ ತೀರಿಕೊಂಡಾಗ ಭರತನಿಗೆ ಒಂಬತ್ತು ವರ್ಷ. ಅಂದಿನಿಂದ ಅಂಗಿ ಹೊಲಿಸಿದವನು, ಶಾಲೆಗೆ ಬಿಟ್ಟುಬಂದವನು, ಸಂಜೆ ಮಣ್ಣಿನ ಅಂಕಣದಲ್ಲಿ ರೇಡ್ ಹೋಗುವುದನ್ನು ಕಲಿಸಿದವನು, ಎಲ್ಲ ಅಣ್ಣನೇ.

ಹೋದ ವರ್ಷ ಅಥಣಿಯ ಪಂದ್ಯದಲ್ಲಿ ಭರತ ಎದುರು ತಂಡದ ಮೂಲೆಯಲ್ಲಿ ನಿಂತವನನ್ನು ಮುಟ್ಟಿ ಹಿಂದಿರುಗಿದ. ಮೈ ತಿರುಗಿತು, ಎಡಗಾಲು ನೆಲಕ್ಕೆ ಕಚ್ಚಿಕೊಂಡೇ ಉಳಿಯಿತು. ಮೊಣಕಾಲೊಳಗೆ ಏನೋ ಕಿತ್ತುಬಂದ ಸದ್ದು ಅವನೊಬ್ಬನಿಗೇ ಕೇಳಿಸಿತು. ಲಿಗಮೆಂಟ್ ಹರಿದಿತ್ತು. ಮಿರಜದಲ್ಲಿ ಆಪರೇಶನ್ ಆಯಿತು. ಆಮೇಲೆ ಏಳು ತಿಂಗಳು, ವಾರಕ್ಕೆ ಎರಡು ಸಲ, ಬಾಬಾಸಾಹೇಬ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ವ್ಯಾಯಾಮಕ್ಕೆ ಕರೆದೊಯ್ದ. ಒಂದು ದಿನವೂ ಬೇಸರಪಟ್ಟುಕೊಳ್ಳಲಿಲ್ಲ.

ಆ ಹಂಗಾಮಿನಲ್ಲಿ ಭರತನ ಟ್ರ್ಯಾಕ್ಟರನ್ನು ಬೇರೆಯವರು ಓಡಿಸಿದರು. ಕ್ಲಚ್ ಒತ್ತಬೇಕಾದದ್ದು ಎಡಗಾಲೇ. ಅಂಗಳದಲ್ಲಿ ಕಾಲು ಚಾಚಿ ಕೂತು ಅವನು ಹೋಗುಬರುವ ಕಬ್ಬಿನ ಗಾಡಿಗಳನ್ನು ನೋಡಿದ. ಇನ್ನು ಕಬಡ್ಡಿ ಸಾಕು ಎಂದು ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿದ್ದ. ಹೆಂಡತಿ ಶೈಲಾಗೆ ಮಾತ್ರ ಹೇಳಿದ.

"ಅದನ್ನ ನಿಮ್ಮ ಅಣ್ಣಾರ ಮುಂದ ಹೇಳ್ರಿ," ಎಂದಳು ಶೈಲಾ.

"ಹೆಂಗ ಹೇಳಲಿ? ನಾ ಮತ್ತ ಆಟಕ್ಕ ಇಳಿತೀನಿ ಅಂತನ ಅಂವ ಇಷ್ಟು ತಿರಗ್ಯಾನ."

ಡಾಕ್ಟರಾದರೂ ಬೇಡ ಎನ್ನಬಹುದೆಂದು ಕಾದ. ಅವರು ಕಾಲು ಮಡಚಿ, ಜಗ್ಗಿ ನೋಡಿ, "ಗಾಯ ಚಲೋ ಮಾಗೈತಿ. ಮೊಣಕಾಲಿಗೆ ಬೆಲ್ಟ್ ಹಾಕ್ಕೊಂಡ್ರ ಆಡಬಹುದು. ಆದ್ರ ಬೆಲ್ಟನ ಎಲ್ಲಾ ಕಾಯತೈತಿ ಅನ್ಕೋಬ್ಯಾಡ್ರಿ. ಆಡೂದು ಬಿಡೂದು ನಿಮ್ಮ ಮ್ಯಾಲ," ಎಂದರು. ಬಾಬಾಸಾಹೇಬನ ಕಿವಿಗೆ ಬಿದ್ದದ್ದು ಆಡಬಹುದು ಎಂಬುದೊಂದೇ. ನೇರವಾಗಿ ತಮ್ಮನನ್ನು ಮಿರಜದಲ್ಲೇ ಇದ್ದ ಬೆಲ್ಟಿನ ಅಂಗಡಿಗೆ ಕರೆದೊಯ್ದ.

ಅಂಗಡಿಯ ಉಜ್ವಲಾ ಟೇಪು ಹಿಡಿದು ತೊಡೆ, ಮಂಡಿ, ಮೀನಖಂಡ ಅಳೆದಳು. ಮರಾಠಿಯಲ್ಲಿ ಶುರುಮಾಡಿದವಳು ಇವರ ಮಾತು ಕೇಳಿ ಕನ್ನಡಕ್ಕೆ ತಿರುಗಿದಳು. ಎರಡು ಬೆಲ್ಟು ಮುಂದಿಟ್ಟಳು. ಒಂದು ಎಳೆದರೆ ಹಿಗ್ಗುವ ಬರೀ ಬಟ್ಟೆಯದು, ಎಲ್ಲರೂ ನೀ ಕ್ಯಾಪ್ ಅನ್ನುವಂಥದ್ದು. ಇನ್ನೊಂದಕ್ಕೆ ಎರಡೂ ಬದಿ ಲೋಹದ ಪಟ್ಟಿ, ನಡುವೆ ಕೀಲು. ಮೊಣಕಾಲು ಅಡ್ಡ ಹೊರಳದಂತೆ ಅದು ಹಿಡಿಯುತ್ತಿತ್ತು.

ಅಷ್ಟರಲ್ಲಿ ಫೋನು ಬಂತೆಂದು ಬಾಬಾಸಾಹೇಬ ಹೊರಗೆ ಹೋದ.

"ಯಾವ ಆಟ ಆಡ್ತೀರಿ?"

"ಕಬಡ್ಡಿ."

"ಹಂಗಾದ್ರ ಪಟ್ಟೀದು ಬ್ಯಾಡ್ರಿ. ಇನ್ನೊಬ್ಬರಿಗೆ ಬಡಿತೈತಿ ಅಂತ ಅಂಪೈರ್ ಒಳಗ ಬಿಡಂಗಿಲ್ಲ."

ಅದು ಭರತನಿಗೆ ಗೊತ್ತಿತ್ತು. ಹಿಂದೊಮ್ಮೆ ನಿಪ್ಪಾಣಿಯಲ್ಲಿ ಹೀಗೇ ಒಬ್ಬನನ್ನು ಹೊರಗೆ ಕೂರಿಸಿದ್ದನ್ನು ನೋಡಿದ್ದ. ಬಾಗಿಲಿನತ್ತ ಒಮ್ಮೆ ನೋಡಿ, "ಪಟ್ಟೀದನ ಕೊಡ್ರಿ," ಎಂದ.

"ಆಡಾಕ ಆಗಂಗಿಲ್ಲ ಅಂದ್ನೆಲ್ರಿ."

"ತಿಳೀತ್ರಿ. ಅದನ್ನ ಕೊಡ್ರಿ."

ಉಜ್ವಲಾ ಅವನ ಮುಖ ನೋಡಿ, ಪಟ್ಟಿಯ ಬೆಲ್ಟನ್ನೇ ಮುಂದೆ ಸರಿಸಿದಳು. ಒಳಗೆ ಬಂದ ಬಾಬಾಸಾಹೇಬ ಬೆಲ್ಟನ್ನು ಕೈಯಲ್ಲಿ ತೂಗಿ, "ಘಟ್ಟಿ ಐತಿ ಬಿಡು," ಎಂದು ಸಂತೋಷಪಟ್ಟ.

ಮುಂದಿನ ದಿನಗಳು ಭರತನಿಗೆ ಹಗುರಾಗಿದ್ದವು. ಬೆಲ್ಟು ಬಿಗಿದುಕೊಂಡು ಓಡಿದ, ಬೈಠಕ್ ಹೊಡೆದ. ಅಣ್ಣ ಹೇಳಿದ್ದಕ್ಕೆಲ್ಲ ಹೂಂ ಎಂದ. ಬರಲಿರುವ ರಾಯಬಾಗದ ಪಂದ್ಯದಲ್ಲಿ ಅಂಪೈರ್ ತಡೆಯುತ್ತಾರೆ, ಅಣ್ಣನ ಮುಂದೆ ತಾನೇ ಆಟ ಬೇಡವೆಂದಂತೆಯೂ ಆಗುವುದಿಲ್ಲ. ಇದನ್ನು ಅವನು ಶೈಲಾಗೂ ಹೇಳಲಿಲ್ಲ.

ರಾಯಬಾಗದ ಪಂದ್ಯ ಮಧ್ಯಾಹ್ನ ಮೂರಕ್ಕೆ. ಅಂಪೈರ್ ಸಂಭಾಜಿ ಎಂಬ ಹಿರಿಯರು ಸಾಲಾಗಿ ನಿಂತ ಆಟಗಾರರ ಉಗುರು, ಉಂಗುರ ನೋಡುತ್ತಾ ಬಂದರು. ಭರತನ ಬೆಲ್ಟನ್ನು ಬೆರಳಿನಿಂದ ಬಡಿದರು.

"ಇದ ನಡಿಯಂಗಿಲ್ಲಪಾ. ತಗಿ."

"ತಗದ್ರ ಆಡಾಕ ಆಗಂಗಿಲ್ರಿ," ಎಂದ ಭರತ. ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದ ಮಾತು ಅದು.

"ಹಂಗಾದ್ರ ಹೊರಗ ಕುಂದ್ರು."

ಭರತ ಗೆರೆ ದಾಟಿ ಹೊರಗೆ ಬಂದ. ಒಂದು ವರ್ಷದಿಂದ ಕಟ್ಟಿಕೊಂಡಿದ್ದ ಉಸಿರು ಬಿಟ್ಟಂತಾಯಿತು. ಬಾಬಾಸಾಹೇಬ ಓಡಿಬಂದು ಅವನ ಮುಂದೆ ಮಂಡಿಯೂರಿ ಬೆಲ್ಟು ಬಿಚ್ಚತೊಡಗಿದ. ಇನ್ನೊಂದು ಕೈಯಿಂದ ಚೀಲದೊಳಗಿನಿಂದ ಹೊಸ ನೀ ಕ್ಯಾಪ್ ತೆಗೆದ.

"ಹೋದ ವಾರ ಯಾರೋ ಹೇಳಿದ್ರು, ಪಟ್ಟೀದು ನಡಿಯಂಗಿಲ್ಲ ಅಂತ. ಮಿರಜಕ್ಕ ಹೋಗಿ ಇದನ್ನ ತಂದೆ. ನೀ ಅದನ್ನ ಮನಸಿಟ್ಟು ಆರಿಸಿದ್ದಿ. ಬ್ಯಾಸರ ಮಾಡ್ಕೋತಿ ಅಂತ ಸುಮ್ಮಕಿದ್ದೆ. ನಿನ್ನ ಕಾಲಿನ ಅಳತಿ ಆ ಅಂಗಡಿ ಬಾಯಾರ ಹತ್ರ ಇತ್ತು."

ಅಣ್ಣನ ತಲೆಯ ನಡುವೆ ಕೂದಲು ತೆಳುವಾದದ್ದು ಭರತನಿಗೆ ಮೇಲಿನಿಂದ ಕಂಡಿತು. ಕಾಲೆತ್ತಿ ಕೊಟ್ಟ.

ಮೊದಲ ಅರ್ಧದಲ್ಲಿ ಅವನು ರೇಡಿಗೆ ಹೋದದ್ದು ನಾಲ್ಕು ಸಲ. ಎಡಗಾಲ ಮೇಲೆ ಭಾರ ಬಿಡದೆ, ನಡುಗೆರೆಯ ಹತ್ತಿರವೇ ಸುಳಿದು ಹಿಂದಿರುಗಿದ. ವಿರಾಮದಲ್ಲಿ ಅಣ್ಣ ನೀರು ಕೊಟ್ಟಾಗ ಕೊನೆಗೂ ಬಾಯಿಬಿಟ್ಟ.

"ಅಣ್ಣಾ, ನನಗ ಅಂಜಿಕಿ ಬರಾಕತ್ತೈತಿ."

"ಬರೂದನ. ಎರಡು ಸಲ ಒಳಗ ಹೊಕ್ಕು ಬಂದ್ರ ಅಂಜಿಕಿ ಹೋಗತೈತಿ ತಗೊ," ಎಂದು ಬಾಬಾಸಾಹೇಬ ಅವನ ತೊಡೆ ತಿಕ್ಕಿದ.

ಎರಡನೆಯ ಅರ್ಧದಲ್ಲಿ ಮೂವರು ಅವನ ಸೊಂಟಕ್ಕೆ ಬಿದ್ದರು. ಬಿಡಿಸಿಕೊಳ್ಳಬೇಕೆಂದು ಭರತ ಯೋಚಿಸಿರಲಿಲ್ಲ. ಹೆದರಿದ ಮೈ ತಾನಾಗಿ ಕೊಸರಿಕೊಂಡು ನಡುಗೆರೆಯ ಮೇಲೆ ಬಿತ್ತು. ಮೂರು ಅಂಕ. ತಂಡ ಗೆದ್ದಿತು. ಮೊಣಕಾಲಿಗೆ ಏನೂ ಆಗಲಿಲ್ಲ. ಹುಡುಗರು ಹೆಗಲ ಮೇಲೆ ಹೊತ್ತುಕೊಂಡಾಗ ಅವನು ಎರಡೂ ಕೈಯಿಂದ ಎಡಗಾಲು ಹಿಡಿದುಕೊಂಡಿದ್ದ.

ಮನೆಗೆ ಮರಳುವಾಗ ಬೈಕಿನ ಮೇಲೆ ಬಾಬಾಸಾಹೇಬ ಮುಂದಿನ ಪಂದ್ಯಗಳನ್ನು ಹೇಳುತ್ತಾ ಬಂದ. ಕಾಗವಾಡ, ಆಮೇಲೆ ನಿಪ್ಪಾಣಿ, ಜನವರಿಯಲ್ಲಿ ಮತ್ತೆ ಅಥಣಿ.

"ಹಂಗಾಮು ಶುರುವಾಗತೈತೆಲ್ಲ ಅಣ್ಣಾ," ಎಂದ ಭರತ.

"ಟ್ರ್ಯಾಕ್ಟರ್ ನಾ ನೋಡ್ಕೋತೀನಿ. ಆ ಚಿಂತಿ ನಿನಗ ಬ್ಯಾಡ."

ಮನೆಯಲ್ಲಿ ಶೈಲಾ ಬಾಗಿಲಲ್ಲೇ ನಿಂತಿದ್ದಳು. "ಹೇಳಿದ್ರ್ಯಾ?" ಎಂದು ಕೇಳಿದಳು.

"ಹೇಳ್ದೆ," ಎಂದ ಭರತ. "ಅವಗ ಕೇಳಸ್ಲಿಲ್ಲ."

ಭಾನುವಾರ ಕಾಗವಾಡಕ್ಕೆ ಹೋಗುವವರ ಹೆಸರು ಮಂಡಳದ ಹಲಗೆಯ ಮೇಲೆ ಬಂತು. ಅವನದೇ ಮೊದಲು ಬರೆದಿದ್ದರು.